ಪಾದವೈದ್ಯದ ವ್ಯಾಸಂಗ

ದೇಹದ ಭಾರವನ್ನೆಲ್ಲ ಹೊತ್ತು, ನಡಿಗೆ ಕಲಿತ ದಿನದಿಂದ ಹಾಸಿಗೆ ಹಿಡಿಯುವ ದಿನದವರೆಗೆ ದುಡಿಯುವ ಪಾದಗಳಿಗೆ ಮನುಷ್ಯನ ಆದರದಲ್ಲಿ ದೊರೆತಿರುವ ಸ್ಥಾನ ವಿಚಿತ್ರವಾದುದು. ಹೊಸ ಸೊಸೆ ಹೊಸ್ತಿಲು ದಾಟಿದಾಗ ಕಾಲ್ಗುಣವನ್ನು ಕೊಂಡಾಡುವ ಕನ್ನಡವೇ ಬೇಡವಾದುದನ್ನು ಕಾಲಕಸವೆಂದು ಕರೆಯುತ್ತದೆ. ಹಿರಿಯರ ಪಾದಕ್ಕೆರಗುವುದು ಸಂಸ್ಕಾರವೆನಿಸಿದೆ; ಕಂಡವರ ಕಾಲು ಹಿಡಿಯುವುದು ದೈನ್ಯದ ಪರಮಾವಧಿ. ಗುರುವಿನ ಪಾದೋದಕವನ್ನು ಭಕ್ತಿಯಿಂದ ಸ್ವೀಕರಿಸುವ ಮನೆಯಲ್ಲಿಯೇ ಹೊಲದಿಂದ ಬಂದ ಹಿರಿಯನ ಒಡೆದ ಹಿಮ್ಮಡಿಯನ್ನು ದೀಪ ಹಿಡಿದು ನೋಡುವವರು ವಿರಳ. ಪೂಜೆಗೆ ಯೋಗ್ಯವಾದ ಅಂಗವು ಪರೀಕ್ಷೆಗೆ ಯೋಗ್ಯವಾಗದೆ ಹೋದದ್ದು ಆಶ್ಚರ್ಯಕರ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪಾದಕ್ಕೇ ಮೀಸಲಾದ ಪ್ರತ್ಯೇಕ ವೈದ್ಯಶಿಕ್ಷಣವಿದೆ. ಅದನ್ನು ಪೂರೈಸಿದವರಿಗೆ ದೊರೆಯುವ ಪದವಿಯ ಹೆಸರು ಡಾಕ್ಟರ್ ಆಫ್ ಪೋಡಿಯಾಟ್ರಿಕ್ ಮೆಡಿಸಿನ್, ಚಿಕ್ಕದಾಗಿ ಡಿ.ಪಿ.ಎಂ. ಬೆಂಗಳೂರಿನ ವೈದ್ಯವಲಯದಲ್ಲಿ ಇದೇ ಮೂರಕ್ಷರಗಳು ಬಹುಕಾಲ ಮನೋವೈದ್ಯದ ಡಿಪ್ಲೊಮಾವನ್ನು ಸೂಚಿಸುತ್ತಿದ್ದವು. ಇದರಿಂದ ಹುಟ್ಟಿದ ಒಂದು ತಪ್ಪು ತಿಳಿವಳಿಕೆಯ ಪ್ರಸ್ತಾಪ ಮುಂದೆ ಬರಲಿದೆ. ಈ ವೃತ್ತಿಯ ಪೂರ್ವಜರು ಊರೂರು ತಿರುಗಿ ಆಣಿ ಕೀಳುತ್ತಿದ್ದ, ಉಗುರು ಸರಿಪಡಿಸುತ್ತಿದ್ದ ಕೈರೋಪಡಿಸ್ಟರು. ಅವರಲ್ಲೊಬ್ಬನಾದ ಇಸಾಕರ್ ಜಕಾರಿ ಎಂಬಾತನು ಅಂತರ್ಯುದ್ಧದ ನಡುವೆ, 1862ರಲ್ಲಿ, ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಪಾದಗಳಿಗೆ ಚಿಕಿತ್ಸೆ ಮಾಡಿ ಅವರಿಂದ ಪ್ರಶಂಸಾಪತ್ರ ಪಡೆದಿದ್ದನು. ಆದರೆ ಅಧ್ಯಕ್ಷರ ಪ್ರಶಂಸೆ ಸಿಕ್ಕಿತೆಂದು ವೃತ್ತಿಗೆ ಮಾನ ಸಿಕ್ಕಲಿಲ್ಲ. 1911ರಲ್ಲಿ ನ್ಯೂಯಾರ್ಕಿನಲ್ಲಿ ಕ್ರಮಬದ್ಧ ಶಿಕ್ಷಣದ ಶಾಲೆ ತೆರೆಯಿತು. ಮರುವರ್ಷ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಷಿಕಾಗೋದಲ್ಲಿ, ಪಾದರಕ್ಷೆ ಮತ್ತು ಆಣಿಪಟ್ಟಿಗಳಿಂದ ಜಗತ್ತಿಗೆಲ್ಲ ಹೆಸರು ಗೊತ್ತಾದ ವಿಲಿಯಂ ಷೋಲ್ ಇನ್ನೊಂದು ಶಾಲೆಯನ್ನು ತೆರೆದರು. ಸಂಘವು 1958ರಲ್ಲಿ ಕೈರೋಪಡಿಯ ಹೆಸರನ್ನು ಬಿಟ್ಟು ಪೋಡಿಯಾಟ್ರಿಯೆಂದೂ, 1984ರಲ್ಲಿ ಪೋಡಿಯಾಟ್ರಿಕ್ ಮೆಡಿಕಲ್ ಎಂದೂ ಹೆಸರಿಟ್ಟುಕೊಂಡಿತು. ಪದೇ ಪದೇ ಹೆಸರು ಬದಲಿಸಿಕೊಳ್ಳುವ ವೃತ್ತಿಯು ತನ್ನನ್ನು ಯಾರೋ ಕೀಳಾಗಿ ಕಾಣುತ್ತಿದ್ದಾರೆಂಬ ನೋವಿನಲ್ಲಿರುತ್ತದೆ.

ಈ ವಿದ್ಯಾಸಂಸ್ಥೆಯ ಪ್ರಸಾದನಿಲಯದಲ್ಲಿ ಉಂಡು ಓದಿ, ಇಂಜಿನಿಯರ್ ಪದವಿ ಪಡೆದು, ತೊಂಬತ್ತರ ದಶಕದಲ್ಲಿ ಇಲಿನಾಯ್ ರಾಜ್ಯಕ್ಕೆ ಹೋಗಿ ನೆಲೆಸಿದ ಹಾವೇರಿ ಜಿಲ್ಲೆಯ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಆ ನೋವಿನ ಪಾಲನ್ನು ತಾನಾಗಿ ಆರಿಸಿಕೊಂಡಳು. ನಾಲ್ಕು ವರ್ಷ ಜೀವಶಾಸ್ತ್ರ ಓದಿ, ವೈದ್ಯಕೀಯ ಪ್ರವೇಶಪರೀಕ್ಷೆಗೆ ಕುಳಿತಿದ್ದ ಆಕೆ ಎಂ.ಡಿ. ಓದುವಳೆಂದೇ ಮನೆಯವರ ನಂಬಿಕೆಯಾಗಿತ್ತು. ಒಂದು ಬೇಸಿಗೆಯಲ್ಲಿ ಮನೆಯ ಹತ್ತಿರದ ಪಾದವೈದ್ಯರೊಬ್ಬರ ಚಿಕಿತ್ಸಾಲಯದಲ್ಲಿ ಕೆಲಸ ನೋಡಲು ನಿಂತದ್ದು ಅವಳ ಮನಸ್ಸನ್ನು ತಿರುಗಿಸಿತು. ಅಲ್ಲಿ ರೋಗಿಯು ಎತ್ತರದ ಕುರ್ಚಿಯ ಮೇಲೆ, ವೈದ್ಯರು ಮೊಣಕಾಲೆತ್ತರದ ಸ್ಟೂಲಿನ ಮೇಲೆ. ಕಾಲುಚೀಲವನ್ನು ವೈದ್ಯರೇ ತಮ್ಮ ಕೈಯಿಂದ ತೆಗೆಯುತ್ತಿದ್ದರು. ಅನೇಕ ಮುದುಕರು ಚೀಲ ತೆಗೆಯುವ ಮೊದಲೇ ಕ್ಷಮೆ ಕೇಳುತ್ತಿದ್ದರು.

2017ರಲ್ಲಿ ಆಕೆ ಕಾಲೇಜು ಸೇರಿದಳು. ಇಡೀ ದೇಶದಲ್ಲಿ ಇಂಥ ಕಾಲೇಜುಗಳು ಆಗ ಒಂಬತ್ತು, ಇಂದು ಹನ್ನೊಂದು. ಮೊದಲ ವರ್ಷವೆಲ್ಲ ತಂದೆಯು ಕನ್ನಡ ಸಂಘದ ಸಮಾರಂಭಗಳಲ್ಲಿ ಮಗಳು ಮೆಡಿಕಲ್ ಓದುತ್ತಿರುವಳೆಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಬೆಂಗಳೂರಿನ ಬಂಧುಗಳೊಬ್ಬರು ಡಿ.ಪಿ.ಎಂ. ಎಂದು ಕೇಳಿ, ಹುಚ್ಚರ ಡಾಕ್ಟರಾಗುವ ಹುಡುಗಿಗೆ ವರ ಸಿಕ್ಕುವುದು ಹೇಗೆಂದು ಚಿಂತಿಸಿದರು. ನಿಜವನ್ನು ತಿಳಿದ ಮೇಲೆ ಅವರ ಚಿಂತೆ ಇಮ್ಮಡಿಯಾಯಿತು. ಊರಿನಲ್ಲಿದ್ದ ಅಜ್ಜ ಮಾತ್ರ ಮುಚ್ಚುಮರೆಯಿಲ್ಲದೆ ದೂರವಾಣಿಯಲ್ಲಿ ಕೇಳಿದರು: “ಕಾಲು ಹಿಡಿಯೂದನ್ನ ಕಲಿಯಾಕ ಅಷ್ಟು ವರ್ಷ ಓದಬೇಕೇನವ್ವಾ?”

ಓದಬೇಕು. ಪದವಿಗೆ ನಾಲ್ಕು ವರ್ಷ. ಆ ಬಳಿಕ ಆಸ್ಪತ್ರೆಯಲ್ಲಿ ಮೂರು ವರ್ಷದ ರೆಸಿಡೆನ್ಸಿ. ರಾಷ್ಟ್ರಮಟ್ಟದ ಪರೀಕ್ಷೆಯ ಮೊದಲ ಭಾಗ ಎರಡನೆಯ ವರ್ಷದ ಕೊನೆಗೆ, ಎರಡನೆಯದು ನಾಲ್ಕನೆಯ ವರ್ಷದಲ್ಲಿ, ಮೂರನೆಯದು ರೆಸಿಡೆನ್ಸಿಯ ಅವಧಿಯಲ್ಲಿ. ಶುಲ್ಕ ವರ್ಷಕ್ಕೆ ಹತ್ತಾರು ಸಾವಿರ ಡಾಲರು; ಸಾಲವಿಲ್ಲದೆ ಓದುವವರು ಕಡಮೆ. ಮೊದಲೆರಡು ವರ್ಷಗಳಲ್ಲಿ ಇತರ ವೈದ್ಯ ವಿದ್ಯಾರ್ಥಿಗಳಂತೆಯೇ ಇಡೀ ಶರೀರದ ರಚನೆ, ಕ್ರಿಯೆ, ರೋಗ, ಔಷಧ ಎಲ್ಲವನ್ನೂ ಕಲಿಯಬೇಕು. ಹೃದಯ ಸೋತವನ ಕಾಲೂ ಬಾಯುತ್ತದೆ, ಮೂತ್ರಪಿಂಡ ಸೋತವನ ಕಾಲೂ ಬಾಯುತ್ತದೆ. ಅದರ ಮೇಲೆ ಮೊಣಕಾಲಿನಿಂದ ಕೆಳಗಿನ ಭಾಗದ ವಿಶೇಷ ಅಧ್ಯಯನ.

ಈ ವಿಶೇಷ ಅಧ್ಯಯನದ ಸ್ವಾರಸ್ಯವನ್ನು ಹೊರಗಿನವರು ಊಹಿಸಲಾರರು. ಒಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳು. ಎರಡು ಪಾದಗಳ ಮೂಳೆಗಳನ್ನು ಕೂಡಿಸಿದರೆ ದೇಹದ 206 ಮೂಳೆಗಳ ನಾಲ್ಕನೆಯ ಒಂದು ಭಾಗವೇ ಆಗುತ್ತದೆ. ಶವಚ್ಛೇದನದ ಮೇಜಿನ ಮುಂದೆ ಅಂಗಾಲಿನ ಸ್ನಾಯುಗಳು ಪದರಪದರವಾಗಿ, ಒಂದರ ಕೆಳಗೊಂದರಂತೆ ನಾಲ್ಕು ಪದರಗಳಾಗಿ ಬಿಡಿಸಿಕೊಂಡಾಗ ಆಕೆಗೆ ಆದ ಬೆರಗನ್ನು ತಂದೆಗೆ ಬರೆದ ಪತ್ರದಲ್ಲಿ ತೋಡಿಕೊಂಡಳು. ನಡೆಯುವಾಗ ಪಾದಕ್ಕೆ ಎರಡು ವಿರುದ್ಧ ಕೆಲಸಗಳಿವೆ. ಹಿಮ್ಮಡಿ ನೆಲಕ್ಕೆ ತಾಗಿದೊಡನೆ ಅದು ಸಡಿಲಾಗಿ ಏರುಪೇರಾದ ನೆಲಕ್ಕೆ ಹೊಂದಿಕೊಳ್ಳಬೇಕು; ಕ್ಷಣಾರ್ಧದಲ್ಲಿ ಗಟ್ಟಿಯಾಗಿ ಸನ್ನೆಕೋಲಿನಂತೆ ದೇಹವನ್ನು ಮುಂದಕ್ಕೆ ಮೀಟಬೇಕು. ಕುಳಿತಲ್ಲಿಯೇ ಇದನ್ನು ಪರೀಕ್ಷಿಸಬಹುದು. ಪಾದವನ್ನು ನೆಲದ ಮೇಲಿಟ್ಟು ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಬಾಗಿಸಿದರೆ ಅಂಗಾಲಿನ ಕಮಾನು ತಾನಾಗಿ ಏರುತ್ತದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹರಡಿದ ಬಲವಾದ ಪಟ್ಟಿಯೊಂದು, ಉರುಳೆಗೆ ಹಗ್ಗ ಸುತ್ತಿಕೊಂಡಂತೆ, ಬೆರಳಿನ ಬುಡಕ್ಕೆ ಸುತ್ತಿಕೊಂಡು ಬಿಗಿಯುವುದೇ ಇದರ ಕಾರಣ. ಈ ಸೂತ್ರವನ್ನು 1954ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಹಿಕ್ಸ್ ಎಂಬ ವೈದ್ಯರು. ಮುಂದೆ ಕ್ಯಾಲಿಫೋರ್ನಿಯದ ಪಾದವೈದ್ಯ ಮೆರ್ಟನ್ ರೂಟ್ ಮತ್ತು ಅವರ ಸಹೋದ್ಯೋಗಿಗಳು ನಡಿಗೆಯ ಯಂತ್ರಶಾಸ್ತ್ರವನ್ನೇ ಪಠ್ಯವಿಷಯವನ್ನಾಗಿ ಬೆಳೆಸಿದರು.

ಮೂರನೆಯ ವರ್ಷದಲ್ಲಿ ರೋಗಿಗಳ ಒಡನಾಟ ಆರಂಭವಾಯಿತು. ಆಕೆಯ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿದ್ದ ಉಪಕರಣ ಒಂದು ನೈಲಾನ್ ಎಳೆ. ಹಿಡಿಕೆಗೆ ಸಿಕ್ಕಿಸಿದ ಆ ಎಳೆಯನ್ನು ಚರ್ಮಕ್ಕೆ ಒತ್ತಿದರೆ ಸರಿಯಾಗಿ ಹತ್ತು ಗ್ರಾಮಿನ ಬಲಕ್ಕೆ ಅದು ಬಾಗುತ್ತದೆ. ರೋಗಿ ಕಣ್ಣು ಮುಚ್ಚಿಕೊಂಡು, ತಾಗಿದಾಗಲೆಲ್ಲ ಹೌದೆನ್ನಬೇಕು. ಅಷ್ಟು ಒತ್ತಿದರೂ ತಿಳಿಯದ ಪಾದವು ತನ್ನನ್ನು ತಾನು ಕಾಯ್ದುಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿದೆಯೆಂದು ಅರ್ಥ. ಆಮೇಲೆ ಕಂಪನಕವಲು ಹಿಡಿದು ನೋಡುವುದು, ಪಾದದ ಮೇಲುಭಾಗದಲ್ಲಿಯೂ ಒಳಗಿಣ್ಣಿನ ಹಿಂದೆಯೂ ನಾಡಿ ಹುಡುಕುವುದು, ಹುಣ್ಣಿದ್ದರೆ ಲೋಹದ ಸಲಾಕೆಯನ್ನು ಮೆಲ್ಲನೆ ಇಳಿಸಿ ತಳದಲ್ಲಿ ಮೂಳೆ ತಗಲುವುದೇ ಎಂದು ಪರೀಕ್ಷಿಸುವುದು. ಮಧುಮೇಹವು ವರ್ಷಗಟ್ಟಲೆ ಉಳಿದವರಲ್ಲಿ ಕಾಲಿನ ನರಗಳು ಸದ್ದಿಲ್ಲದೆ ಸಾಯುತ್ತವೆ. ಮೊದಲು ಜೋಮು, ಉರಿ. ಬಳಿಕ ಏನೂ ಇಲ್ಲ. ಆ ‘ಏನೂ ಇಲ್ಲ’ ಎಂಬುದನ್ನು ರೋಗಿಯು ಗುಣವಾಯಿತೆಂದು ಭಾವಿಸುತ್ತಾನೆ.

ಲಾರಿ ಚಾಲಕನೊಬ್ಬನು ಬೂಟಿನೊಳಗೆ ಮೊಳೆ ಹೊಕ್ಕಿದ್ದನ್ನರಿಯದೆ ಇಡೀ ದಿನ ನಡೆದು, ಸಂಜೆ ಕಾಲುಚೀಲ ಕೆಂಪಾದುದನ್ನು ಕಂಡು ಆಸ್ಪತ್ರೆಗೆ ಬಂದಿದ್ದನು. ಇನ್ನೊಬ್ಬಳ ಪಾದ ಬಿಸಿಯಾಗಿ ಬಾತಿತ್ತು, ನೋವಿರಲಿಲ್ಲ. ಒಳಗೆ ಮೂಳೆಗಳು ಮುರಿದು ಕಮಾನು ಕುಸಿಯುತ್ತಿತ್ತು. ಫ್ರಾನ್ಸಿನ ಷಾರ್ಕೋ 1868ರಲ್ಲಿ ಬೇರೊಂದು ನರರೋಗದಲ್ಲಿ ಗುರುತಿಸಿದ್ದ ಈ ಸ್ಥಿತಿಯನ್ನು ಇಂದು ಹೆಚ್ಚಾಗಿ ಕಾಣುವುದು ಮಧುಮೇಹಿಗಳಲ್ಲಿಯೇ. ಮುರಿದ ಕಾಲಿನ ಮೇಲೆ ನಡೆದಾಡುವ ಮನುಷ್ಯನನ್ನು ನೋಡಿದ ಮೇಲೆ ನೋವಿನ ವಿಷಯದಲ್ಲಿ ಇದ್ದ ಹಳೆಯ ಅಭಿಪ್ರಾಯಗಳು ಯಾರಿಗೂ ಉಳಿಯಲಾರವು.

ನೋವಿಲ್ಲದ ಗಾಯದ ಪಾಠವನ್ನು ಹೇಳುತ್ತಿದ್ದ ಪ್ರಾಧ್ಯಾಪಕರು ಒಂದು ದಿನ ತೆರೆಯ ಮೇಲೆ ತೋರಿಸಿದ ಊರಿನ ಹೆಸರು ವೆಲ್ಲೂರು. ಅಮೆರಿಕದ ಆ ತರಗತಿಯಲ್ಲಿ ಆ ಹೆಸರನ್ನು ಸರಿಯಾಗಿ ಉಚ್ಚರಿಸಬಲ್ಲವಳು ಆಕೆಯೊಬ್ಬಳೇ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಆಂಗ್ಲ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸತೊಡಗಿದರು. ಕುಷ್ಠದಿಂದ ಮಾಂಸವೇ ಕೊಳೆತು ಬೆರಳುಗಳು ಉದುರುತ್ತವೆಂಬುದು ಆಗಿನ ಸಾಮಾನ್ಯ ನಂಬಿಕೆ. ಬ್ರಾಂಡ್ ಕಂಡುಕೊಂಡದ್ದು ಬೇರೆ. ಆ ಮಾಂಸ ಇತರರ ಮಾಂಸದಂತೆಯೇ ಮಾಯುತ್ತಿತ್ತು, ಸತ್ತದ್ದು ನರ. ನೋವು ತಿಳಿಯದ ರೋಗಿಯು ಹುಣ್ಣಿನ ಮೇಲೆಯೇ ನಡೆಯುತ್ತಿದ್ದನು, ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುತ್ತಿದ್ದನು. ರಾತ್ರಿ ಮಲಗಿದವರ ಬೆರಳುಗಳು ಬೆಳಗಾಗುವುದರೊಳಗೆ ಮೊಟಕಾಗುವುದೇಕೆಂದು ಕಾವಲಿಟ್ಟು ನೋಡಿದಾಗ, ಇಲಿಗಳು ಕಚ್ಚುತ್ತಿದ್ದರೂ ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲವೆಂಬುದು ಬಯಲಾಯಿತು. ಅದಕ್ಕೆ ಮದ್ದು, ರೋಗಿಗಳು ಬೆಕ್ಕು ಸಾಕುವುದು.

ಪಾದದ ಹುಣ್ಣಿಗೆ ಮದ್ದು, ಅದರ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಕಾಲಿಗೆ ಅಂಟಿದಂತೆ ಕೂಡುವ ಪ್ಲಾಸ್ಟರ್ ಹಾಕಿ ರೋಗಿ ನಡೆದಾಡುತ್ತಿರುವಂತೆಯೇ ಹುಣ್ಣನ್ನು ಮಾಯಿಸುವ ಉಪಾಯವನ್ನು 1930ರ ದಶಕದಲ್ಲಿಯೇ ಸಿಲೋನಿನ ಮಿಲ್‌ರಾಯ್ ಪಾಲ್, ಭಾರತದ ಜೋಸೆಫ್ ಖಾನ್ ಮೊದಲಾದವರು ಬಳಕೆಗೆ ತಂದಿದ್ದರು. ಮಾಯ್ದ ಪಾದ ಮತ್ತೆ ಒಡೆಯದಿರಲು ಮೃದುವಾದ ಮೈಕ್ರೋಸೆಲ್ಯುಲರ್ ರಬ್ಬರಿನ ಅಟ್ಟೆಯ ಚಪ್ಪಲಿಗಳು ಬಂದವು, ಎಂ.ಸಿ.ಆರ್. ಚಪ್ಪಲಿಯೆಂದು ಇಂದಿಗೂ ಅವು ಕುಷ್ಠರೋಗದ ಆಸ್ಪತ್ರೆಗಳಲ್ಲಿ ಪ್ರಸಿದ್ಧ. ಪಾದರಕ್ಷೆ ಹೊಲಿಯುವವನ ಕೈಯನ್ನು ಶಸ್ತ್ರವೈದ್ಯನ ಕೈಯಷ್ಟೇ ಗೌರವದಿಂದ ಕಾಣದ ಹೊರತು ಈ ಚಿಕಿತ್ಸೆ ಪೂರ್ಣವಾಗದು. ಹರಳಯ್ಯನ ಪಾದರಕ್ಷೆಗಳ ಕಥೆಯನ್ನು ಬಾಲ್ಯದಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1966ರಲ್ಲಿ ಬ್ರಾಂಡ್ ಲೂಯಿಸಿಯಾನದ ಕಾರ್‌ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಮೆರಿಕದಲ್ಲಿ ಕುಷ್ಠರೋಗಿಗಳು ಕಡಮೆ. ಆದರೆ ಮಧುಮೇಹಿಗಳ ಪಾದಗಳಲ್ಲಿ ಅವರು ವೆಲ್ಲೂರಿನ ಹುಣ್ಣುಗಳನ್ನೇ ಕಂಡರು. ಪ್ಲಾಸ್ಟರ್, ಚಪ್ಪಲಿ, ದಿನವೂ ಅಂಗಾಲನ್ನು ಮುಟ್ಟಿ ಬಿಸಿಯಾದ ಎಡೆಯನ್ನು ಹುಡುಕುವ ಅಭ್ಯಾಸ, ಎಲ್ಲವೂ ಅಲ್ಲಿಂದ ಅಮೆರಿಕದ ಪಾದವೈದ್ಯದೊಳಗೆ ಸೇರಿದವು. ಹೀಗೆ, ಹಾವೇರಿಯ ಒಕ್ಕಲುಮನೆಯ ಮೊಮ್ಮಗಳು ಇಲಿನಾಯ್‌ನಲ್ಲಿ ಸಾಲ ಮಾಡಿ ಕಲಿತ ವಿದ್ಯೆಯ ಮುಖ್ಯ ಪಾಠವು ದಕ್ಷಿಣ ಭಾರತದ ಬಡವರ ಅಂಗಾಲುಗಳ ಮೇಲೆ ಬರೆದದ್ದಾಗಿತ್ತು.

2019ರ ಡಿಸೆಂಬರಿನಲ್ಲಿ ಆಕೆ ತಂದೆತಾಯಿಗಳೊಡನೆ ಊರಿಗೆ ಬಂದಳು. ಅಜ್ಜನಿಗೆ ಆಗ ಎಪ್ಪತ್ತೆಂಟು. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಳಿಗೆಯನ್ನು ನೆನಪಾದಾಗ ತೆಗೆದುಕೊಳ್ಳುವರು. ಹೊಲಕ್ಕೆ ಬರಿಗಾಲಿನಲ್ಲಿಯೇ ಹೋಗಿಬರುವುದು ಅವರ ಹೆಮ್ಮೆ. ಜಾಲಿಮುಳ್ಳು ಚುಚ್ಚಿದರೂ ಗೊತ್ತಾಗದೆಂದು, ಈಗಿನ ಹುಡುಗರ ಕಾಲುಗಳು ಹತ್ತಿಯಂಥವೆಂದು ಕಟ್ಟೆಯ ಮೇಲೆ ಕುಳಿತು ಹೇಳುವುದನ್ನು ಊರವರೆಲ್ಲ ಕೇಳಿದ್ದರು. ಮೊಮ್ಮಗಳು ಕೇಳಿ ಸುಮ್ಮನಾದಳು. ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು, ಪಾದ ತೋರಿಸುವಂತೆ ಕೇಳಿದಳು. ಅಜ್ಜ ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡರು. ಮೊಮ್ಮಗಳು ಪಾದ ಮುಟ್ಟಿ ನಮಸ್ಕರಿಸಿದರೆ ಆಶೀರ್ವದಿಸುವರು. ಅಂಗಾಲನ್ನು ತಿರುಗಿಸಿ ನೋಡುವುದು ಅವರಿಗೆ ಸಂಕೋಚ. ಪರೀಕ್ಷೆಗೆ ಅಭ್ಯಾಸ ಬೇಕೆಂದು ಆಕೆ ಬೇಡಿಕೊಂಡ ಮೇಲೆ ಒಪ್ಪಿದರು.

ಕಣ್ಣು ಮುಚ್ಚಿಸಿ ನೈಲಾನ್ ಎಳೆಯನ್ನು ಒಂದೊಂದೇ ಎಡೆಯಲ್ಲಿ ಒತ್ತುತ್ತ ಹೋದಳು. ಬಲಗಾಲು ಮುಗಿಯಿತು, ಎಡಗಾಲೂ ಮುಗಿಯಿತು. ಅಜ್ಜ ಕಣ್ಣು ಮುಚ್ಚಿಕೊಂಡೇ ಕೇಳಿದರು: “ಯಾವಾಗ ಸುರು ಮಾಡತಿ ತಂಗಿ?”

ಪಡಸಾಲೆಯಲ್ಲಿದ್ದ ತಂದೆ ಎದ್ದು ಬಂದು ದೀಪ ಹತ್ತಿರ ಹಿಡಿದರು. ಎಡಗಾಲಿನ ಹೆಬ್ಬೆರಳಿನ ಅಡಿಯಲ್ಲಿ ಜಡ್ಡುಗಟ್ಟಿದ ಚರ್ಮ. ಅದರ ನಡುವೆ ಕಪ್ಪು ಚುಕ್ಕೆ. ಒತ್ತಿದರೆ ನೀರಾಡುತ್ತಿತ್ತು, ವಾಸನೆ ಇತ್ತು. ಜಡ್ಡು ಎಂಬುದು ಹೊರಗೆ ಕವಚದಂತೆ ಕಂಡರೂ ಒಳಗೆ ಕಲ್ಲಿನ ಹರಳಿನಂತೆ ಮಾಂಸವನ್ನು ಅರೆಯುತ್ತದೆಂದು ಆಕೆ ಓದಿದ್ದಳು. ಸಲಾಕೆ ಅವಳ ಬಳಿ ಇರಲಿಲ್ಲ. ಇದ್ದರೂ ಬಳಸುವ ಅಧಿಕಾರ ವಿದ್ಯಾರ್ಥಿನಿಗೆ ಇರಲಿಲ್ಲ. ಮರುದಿನ ಬೆಳಗ್ಗೆ ಹುಬ್ಬಳ್ಳಿಗೆ ಕರೆದೊಯ್ದರು. ಭಾರತದಲ್ಲಿ ಪಾದದ ಚಿಕಿತ್ಸೆಯನ್ನು ಕೈಗೊಳ್ಳುವವರು ಎಂ.ಬಿ.ಬಿ.ಎಸ್. ಮುಗಿಸಿ ಶಸ್ತ್ರವೈದ್ಯದಲ್ಲಿ ಪರಿಶ್ರಮ ಪಡೆದವರು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮೀರಿ ಎಣಿಸಿದೆ. ಅವರ ಪಾದಗಳನ್ನು ನೋಡಲು ಇರುವ ಕಣ್ಣುಗಳು ಎಷ್ಟು ಎಂಬ ಪ್ರಶ್ನೆಯನ್ನು ದಾನಿಗಳೂ ಸರಕಾರವೂ ಕೇಳಿಕೊಳ್ಳುವುದು ಒಳಿತು.

ಹುಬ್ಬಳ್ಳಿಯ ಶಸ್ತ್ರವೈದ್ಯರು ಸಲಾಕೆ ಇಳಿಸಿದರು, ಮೂಳೆ ತಗಲಿತು. ಕ್ಷಕಿರಣ ಚಿತ್ರವೂ ಅದನ್ನೇ ಹೇಳಿತು. ರಕ್ತಸಂಚಾರ ಚೆನ್ನಾಗಿದ್ದುದರಿಂದ ಹೆಬ್ಬೆರಳೊಂದನ್ನು ತೆಗೆದರೆ ಪಾದ ಉಳಿಯುವುದೆಂದೂ, ತಿಂಗಳು ಕಳೆದು ಬಂದಿದ್ದರೆ ಮಾತು ಬೇರೆಯಾಗುತ್ತಿತ್ತೆಂದೂ ಅವರು ತಿಳಿಸಿದರು. ಶಸ್ತ್ರಕ್ರಿಯೆ ಜನವರಿಯ ಮೊದಲ ವಾರದಲ್ಲಿ ನಡೆಯಿತು. ಬೆರಳು ಹೋದ ದುಃಖಕ್ಕಿಂತ ತಮ್ಮ ಕಾಲು ತಮಗೆ ಸುಳ್ಳು ಹೇಳಿತೆಂಬ ಅಚ್ಚರಿಯೇ ಅಜ್ಜನಿಗೆ ಹೆಚ್ಚಾಗಿತ್ತು. “ನೂಸಿದ್ರ ನಾನ ತೋರಸ್ತಿದ್ನೆಲ್ಲ” ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಮೊಮ್ಮಗಳು ಕಾಲೇಜಿಗೆ ಹಿಂದಿರುಗುವ ಮುನ್ನ ಅವರ ಮಂಚದ ಬಳಿ, ನೆಲದ ಮೇಲೆ, ಗೋಡೆಗೆ ಓರೆಯಾಗಿ ಒಂದು ಕನ್ನಡಿಯನ್ನು ಇಟ್ಟಳು. ಬಗ್ಗಲಾಗದವರು ಅಂಗಾಲನ್ನು ನೋಡಿಕೊಳ್ಳಬೇಕಾದರೆ ಇದೇ ದಾರಿ.

ಎರಡು ತಿಂಗಳೊಳಗೆ ಮಹಾಮಾರಿ ಬಂದು ಚಿಕಿತ್ಸಾಲಯಗಳು ಮುಚ್ಚಿದವು. ಕೊನೆಯ ವರ್ಷದ ರೆಸಿಡೆನ್ಸಿ ಸಂದರ್ಶನಗಳು ಕಂಪ್ಯೂಟರಿನ ಪರದೆಯ ಮೇಲೆಯೇ ನಡೆದವು. ಹಿಂದೊಮ್ಮೆ, 2010ರ ದಶಕದ ಆದಿಯಲ್ಲಿ, ರೆಸಿಡೆನ್ಸಿಯ ಸ್ಥಾನಗಳು ಸಾಲದೆ ಹಲವು ಪದವೀಧರರು ಕೈಕಟ್ಟಿ ಕುಳಿತದ್ದುಂಟು. ಆ ಭಯ ಹಿರಿಯರಿಂದ ಕಿರಿಯರಿಗೆ ಇಳಿದು ಬಂದಿತ್ತು. ಆಕೆಗೆ ಸ್ಥಾನ ದೊರೆಯಿತು. 2021ರಿಂದ 2024ರವರೆಗೆ ಮುರಿದ ಹಿಮ್ಮಡಿಗಳು, ಹೆಬ್ಬೆರಳಿನ ಬುಡದ ಗಂಟುಗಳು, ನಡುರಾತ್ರಿ ಬರುವ ಕೀವುಗಟ್ಟಿದ ಪಾದಗಳು. ಪಾದವೈದ್ಯನ ಕತ್ತರಿ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಅಲ್ಲಿ ಒಂದೊಂದು ರಾಜ್ಯದ ಕಾನೂನು ಒಂದೊಂದು ಬಗೆಯಾಗಿ ಹೇಳುತ್ತದೆ. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಪಾದವೈದ್ಯರಿಗೆ ಇತರ ವೈದ್ಯರ ಸಮಾನ ದರ್ಜೆ ಸಿಕ್ಕಿದ್ದು 2018ರ ಕಾನೂನಿನಿಂದ. ತಂದೆಯು ಈ ಕಾನೂನಿನ ಸುದ್ದಿಯನ್ನು ಕನ್ನಡ ಸಂಘದಲ್ಲಿ ತಾವಾಗಿಯೇ ಎತ್ತಿ ಹೇಳಿದರೆಂದು ಬಲ್ಲವರ ಹೇಳಿಕೆ.

ಈಗ ಆಕೆ ಒಂದು ಆಸ್ಪತ್ರೆಯಲ್ಲಿ ಪಾದವೈದ್ಯೆ. ಅಜ್ಜ ಎಂ.ಸಿ.ಆರ್. ಚಪ್ಪಲಿಯಿಲ್ಲದೆ ಹೊಸ್ತಿಲು ದಾಟುವುದಿಲ್ಲ; ದಾಟುವ ಮೊದಲು ಚಪ್ಪಲಿಯೊಳಗೆ ಕೈಯಾಡಿಸಿ ಹರಳಿದೆಯೇ ಎಂದು ನೋಡುತ್ತಾರೆ. ಭಾನುವಾರ ಬೆಳಗ್ಗೆ ಅಮೆರಿಕದಿಂದ ಮೊಬೈಲಿಗೆ ಕರೆ ಬಂದರೆ ಮುಖ ತೋರಿಸುವ ಮೊದಲು ಮೊಬೈಲನ್ನು ಕೆಳಗಿಳಿಸಿ ಎರಡು ಅಂಗಾಲುಗಳನ್ನು ತೋರಿಸುತ್ತಾರೆ. ಹೋದ ಚಳಿಗಾಲದಲ್ಲಿ ಬಲಹಿಮ್ಮಡಿ ಸ್ವಲ್ಪ ಒಡೆದಿತ್ತು. ಕೊಬ್ಬರಿಎಣ್ಣೆ ಹಚ್ಚಬೇಕು, ಆದರೆ ಬೆರಳುಗಳ ಸಂದಿಯಲ್ಲಿ ಹಚ್ಚಕೂಡದು, ಅಲ್ಲಿ ತೇವ ನಿಲ್ಲಬಾರದು ಎಂದು ಮೊಮ್ಮಗಳು ಹೇಳಿದಳು. ಅಜ್ಜ ಪಕ್ಕದ ಮನೆಯ ಮುದುಕನನ್ನೂ ಕರೆದು, ಅವನ ಕಾಲನ್ನು ಹಿಡಿದೆತ್ತಿ, ಮೊಬೈಲಿನ ಮುಂದೆ ಹಿಡಿದರು.